ಓದುಗರ ಪ್ರಶ್ನೆ, ವೈದ್ಯರ ಉತ್ತರ: ತಾಯಿಯ ಎಚ್‌ಐವಿ ಕೂಸಿಗೆ ದಾಟದಂತೆ

ಗರ್ಭಿಣಿಯರು ಮಾಡಿಸಿಕೊಳ್ಳಬೇಕಾದ ರಕ್ತಪರೀಕ್ಷೆಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು: ಎಚ್‌ಐವಿ ಇರುವ ತಾಯಿ ಮತ್ತು ಅವಳ ಮಗು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು, ಪ್ರಶ್ನೆಗಳನ್ನು ಚಿಕ್ಕದಾಗಿಸಿ ಕೊಟ್ಟಿದೆ. ಮಾತ್ರೆಗಳ ಪ್ರಮಾಣ ತೂಕಕ್ಕೆ ತಕ್ಕಂತೆ ಒಬ್ಬೊಬ್ಬರಿಗೆ ಒಂದೊಂದಾಗಿರುವುದರಿಂದ ಅದನ್ನು ಇಲ್ಲಿ ಬರೆದಿಲ್ಲ.

ಪ್ರಶ್ನೆ: ಡಾಕ್ಟರೇ, ನನಗೀಗ ಐದು ತಿಂಗಳು. ಮೊದಲ ಬಸಿರು. ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆಯೆಂದು ಬಂದು ಮೂರು ವಾರವಾಯಿತು, ಮಾತ್ರೆ ಶುರುಮಾಡಿದ್ದಾರೆ. ಮಗುವಿಗೂ ಬಂದೇ ಬರುತ್ತದೆ, ತಿಳಿದೂ ತಿಳಿದೂ ಹೆರುವುದು ತಪ್ಪು ಎಂದು ಹತ್ತಿರದವರೇ ಹೇಳುತ್ತಿದ್ದಾರೆ. ಈ ಮಾತ್ರೆಯಿಂದ ಮಗು ಅಂಗವಿಕಲವಾಗುತ್ತದೆ ಎಂದೂ ಎಲ್ಲೋ ಓದಿದೆ. ಯಾವುದನ್ನು ನಂಬಲಿ?

ಉತ್ತರ: ಬಂದೇ ಬರುತ್ತದೆ ಎನ್ನುವುದು ಯಾವ ಕಾಲದಲ್ಲೂ ನಿಜವಾಗಿರಲಿಲ್ಲ. ಯಾವ ಔಷಧವೂ ಇಲ್ಲದಿದ್ದ ದಿನಗಳಲ್ಲಿ ಕೂಡ ಎಚ್‌ಐವಿ ಇರುವ ನೂರು ತಾಯಂದಿರ ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಮಾತ್ರ ಸೋಂಕು ದಾಟುತ್ತಿತ್ತು. ಉಳಿದವರು ಸೋಂಕಿಲ್ಲದೆಯೇ ಬೆಳೆಯುತ್ತಿದ್ದರು. ಇಂದು, ತಾಯಿ ಬಸಿರಿನಲ್ಲೇ ಚಿಕಿತ್ಸೆ ಆರಂಭಿಸಿ, ಹೆರಿಗೆಯ ಹೊತ್ತಿಗೆ ಅವಳ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದಿದ್ದರೆ, ಆ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ನಿಮ್ಮ ಹತ್ತಿರದವರು ಹೇಳುತ್ತಿರುವುದು ಮೂವತ್ತು ವರ್ಷದ ಹಿಂದಿನ ಭಯವನ್ನು. ಅದನ್ನು ಅವರ ಮೇಲಿನ ಕೋಪವಾಗಿಸಿಕೊಳ್ಳಬೇಡಿ, ಸಾಧ್ಯವಾದರೆ ಈ ಪುಟವನ್ನೇ ಅವರಿಗೆ ಓದಲು ಕೊಡಿ.

ವೈರಸ್ ಮಗುವನ್ನು ತಲುಪಲು ಮೂರು ಸಂದರ್ಭಗಳಿವೆ: ಬಸಿರಿನಲ್ಲಿ ಮಾಸಿನ ಮೂಲಕ, ಹೆರಿಗೆಯ ಹೊತ್ತಿನಲ್ಲಿ ರಕ್ತ ಮತ್ತು ಸ್ರಾವಗಳ ಮೂಲಕ, ಆಮೇಲೆ ಎದೆಹಾಲಿನ ಮೂಲಕ. ಮಾಸು ಬಲು ಒಳ್ಳೆಯ ಕಾವಲುಗಾರ, ಬಸಿರಿನ ಬಹುಪಾಲು ಅವಧಿಯಲ್ಲಿ ಅದು ವೈರಸ್ಸನ್ನು ತಡೆದೇ ಇಡುತ್ತದೆ. ಅಪಾಯ ಏರುವುದು ಕೊನೆಯ ವಾರಗಳಲ್ಲಿ ಮತ್ತು ಹೆರಿಗೆಯ ಗಂಟೆಗಳಲ್ಲಿ. ಮೂರೂ ಸಂದರ್ಭಗಳಲ್ಲಿ ಅಪಾಯವನ್ನು ನಿರ್ಧರಿಸುವುದು ಮುಖ್ಯವಾಗಿ ಒಂದೇ ಸಂಗತಿ, ತಾಯಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎನ್ನುವುದು. ಅದನ್ನು ವೈರಲ್ ಲೋಡ್ ಎನ್ನುತ್ತೇವೆ. ನೀವು ದಿನಾ ನುಂಗುತ್ತಿರುವ ಮಾತ್ರೆಯ ಕೆಲಸ ಅದನ್ನು ಇಳಿಸುವುದು. ಈಗ ಸಾಮಾನ್ಯವಾಗಿ ಕೊಡುವ, ಡೊಲುಟೆಗ್ರಾವಿರ್ ಸೇರಿರುವ ಮಾತ್ರೆ ಈ ಕೆಲಸವನ್ನು ಕೆಲವೇ ವಾರಗಳಲ್ಲಿ ಮಾಡುತ್ತದೆ. ನಿಮಗೆ ಐದು ತಿಂಗಳಿರುವುದರಿಂದ ಸಮಯ ಸಾಕಷ್ಟಿದೆ.

ಇನ್ನು ಅಂಗವೈಕಲ್ಯದ ಮಾತು. ಅದು ಗಾಳಿಸುದ್ದಿಯಲ್ಲ, ಅರ್ಧಕ್ಕೆ ನಿಂತ ಸುದ್ದಿ. 2018ರಲ್ಲಿ ಬೋಟ್ಸ್ವಾನಾ ದೇಶದ ಹೆರಿಗೆಗಳ ಅಧ್ಯಯನವೊಂದರಲ್ಲಿ, ಗರ್ಭ ನಿಲ್ಲುವಾಗಲೇ ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತಿದ್ದ ತಾಯಂದಿರ 426 ಮಕ್ಕಳಲ್ಲಿ 4 ಮಕ್ಕಳಿಗೆ ಮುಂದೆ ಬೆನ್ನುಹುರಿ ಮತ್ತು ಮಿದುಳಾಗಿ ಬೆಳೆಯುವ ನಾಳ ಸರಿಯಾಗಿ ಮುಚ್ಚಿಕೊಳ್ಳದ ದೋಷ ಕಂಡುಬಂತು. ಜಗತ್ತೆಲ್ಲ ಎಚ್ಚೆತ್ತಿತು, ಎಚ್ಚರಿಕೆಗಳು ಹೊರಟವು. ಅದೇ ಅಧ್ಯಯನ ಮುಂದುವರಿದು ಸಾವಿರಾರು ಹೆರಿಗೆಗಳು ಲೆಕ್ಕಕ್ಕೆ ಸೇರಿದಂತೆ ಆ ವ್ಯತ್ಯಾಸ ಕರಗುತ್ತ ಹೋಗಿ, ಕೊನೆಗೆ ಬೇರೆ ಮಾತ್ರೆ ತೆಗೆದುಕೊಂಡವರಿಗೂ ಇವರಿಗೂ ಅಂತರವೇ ಉಳಿಯಲಿಲ್ಲ. ಮೊದಲ ಸುದ್ದಿ ಓದಿದವರೆಲ್ಲ ಎರಡನೆಯದನ್ನು ಓದಲಿಲ್ಲ, ಅಷ್ಟೆ. ಅಲ್ಲದೆ ಆ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ತಿಂಗಳಲ್ಲಿ. ನೀವು ಮಾತ್ರೆ ಆರಂಭಿಸಿದ್ದು ಅದೆಲ್ಲ ಮುಗಿದು ಎಷ್ಟೋ ಕಾಲದ ಮೇಲೆ.

ನೀವು ಮಾಡಬೇಕಾದದ್ದು ಹೆಚ್ಚಿಲ್ಲ. ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ನುಂಗಿದ ಕೂಡಲೇ ವಾಂತಿಯಾದರೆ ಮತ್ತೆ ತೆಗೆದುಕೊಳ್ಳಬೇಕೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ನುಂಗಿದರೆ ಅವು ಅದನ್ನು ಕರುಳಿನಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಆದ್ದರಿಂದ ಎರಡನ್ನೂ ಊಟದ ಜೊತೆಗೇ ತೆಗೆದುಕೊಳ್ಳಿ, ಇಲ್ಲವೇ ಡೊಲುಟೆಗ್ರಾವಿರ್ ನುಂಗಿ ಎರಡು ಗಂಟೆಯಾದ ಮೇಲೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಿ. ಇಷ್ಟು ಚಿಕ್ಕ ವಿಷಯವನ್ನು ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಹೇಳಲು ಎಷ್ಟೋ ಬಾರಿ ಮರೆಯುತ್ತಾರೆ. ಎಂಟು ತಿಂಗಳು ತುಂಬುವಾಗ ವೈರಲ್ ಲೋಡ್ ಪರೀಕ್ಷೆ ಆಯಿತೇ ಎಂದು ನೀವೇ ಕೇಳಿ. ಹೆರಿಗೆ ಸಹಜವಾಗಿ ಆಗಬಹುದೋ ಸಿಸೇರಿಯನ್ ಬೇಕೋ, ಹುಟ್ಟಿದ ಮಗುವಿಗೆ ಸೋಂಕು ತಡೆಯಲು ಒಂದು ಔಷಧ ಸಾಕೋ ಎರಡು ಬೇಕೋ ಎನ್ನುವುದು ಆ ಅಂಕಿಯ ಮೇಲೆ ನಿಲ್ಲುತ್ತದೆ. ಅದು ಒಂದು ಮಿಲಿಲೀಟರ್ ರಕ್ತಕ್ಕೆ ಒಂದು ಸಾವಿರಕ್ಕಿಂತ ಮೇಲಿದ್ದರೆ ನೋವು ಶುರುವಾಗುವ ಮೊದಲೇ ಸಿಸೇರಿಯನ್ ಮಾಡುವುದು ಮಗುವಿಗೆ ಕ್ಷೇಮ. ಪತ್ತೆಯಾಗದಷ್ಟು ಇಳಿದಿದ್ದರೆ ಎಚ್‌ಐವಿಯ ಕಾರಣಕ್ಕೆಂದೇ ಸಿಸೇರಿಯನ್ ಬೇಕಿಲ್ಲ.

ಪ್ರಶ್ನೆ: ನನ್ನ ತಂಗಿಗೆ ಎಚ್‌ಐವಿ ಇದೆ, ಮುಂದಿನ ತಿಂಗಳು ಹೆರಿಗೆ. ಒಬ್ಬ ವೈದ್ಯರು ಎದೆಹಾಲು ಕೊಡಲೇಬಾರದು, ಡಬ್ಬಿ ಹಾಲೇ ಆಗಬೇಕು ಎಂದರು. ಇನ್ನೊಬ್ಬರು ಎದೆಹಾಲನ್ನೇ ಕೊಡಿ ಎಂದರು. ಇಬ್ಬರೂ ಓದಿದವರೇ. ಯಾರ ಮಾತು ಸರಿ?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವರು ಬೇರೆ ಬೇರೆ ಕಾಲದಲ್ಲಿ ಕಲಿತ ಪಾಠವನ್ನು ಹೇಳುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಚಿಕಿತ್ಸೆ ಇಲ್ಲದ ತಾಯಿ ದೀರ್ಘಕಾಲ ಹಾಲೂಡಿಸಿದರೆ ನೂರರಲ್ಲಿ 5ರಿಂದ 20 ಮಕ್ಕಳಿಗೆ ಹಾಲಿನಿಂದಲೇ ಸೋಂಕು ದಾಟುತ್ತದೆ. ಈ ಲೆಕ್ಕ ತಿಳಿದಾಗ ಎದೆಹಾಲನ್ನು ನಿಲ್ಲಿಸುವುದೇ ಬುದ್ಧಿವಂತಿಕೆಯೆಂದು ಎಲ್ಲರಿಗೂ ತೋರಿತು. ಆದರೆ ಶುದ್ಧ ನೀರು ಸಿಗದ ಕಡೆ ಡಬ್ಬಿ ಹಾಲು ಬೇರೆಯದೇ ಸಾವನ್ನು ತಂದಿತು. ಬೋಟ್ಸ್ವಾನಾದಲ್ಲಿ ಎಚ್‌ಐವಿ ಇರುವ ತಾಯಂದಿರಿಗೆ ಸರ್ಕಾರವೇ ಡಬ್ಬಿ ಹಾಲು ಹಂಚುತ್ತಿತ್ತು. 2006ರ ಆರಂಭದಲ್ಲಿ ಭಾರಿ ಮಳೆಯಾಗಿ ಅತಿಸಾರ ಹಬ್ಬಿದಾಗ ಆಸ್ಪತ್ರೆ ಸೇರಿದ ಮತ್ತು ತೀರಿಕೊಂಡ ಕೂಸುಗಳಲ್ಲಿ ಹೆಚ್ಚಿನವು ಎದೆಹಾಲು ಇಲ್ಲದವು. ಎಚ್‌ಐವಿಯಿಂದ ಪಾರಾದ ಮಕ್ಕಳನ್ನು ಭೇದಿ ಕೊಂಡೊಯ್ದಿತ್ತು. ಇದಕ್ಕೂ ಮೊದಲೇ, 1999ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಅಧ್ಯಯನವೊಂದು ವಿಚಿತ್ರವೆನಿಸುವ ಸಂಗತಿಯನ್ನು ಕಂಡುಕೊಂಡಿತ್ತು: ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ, ಎದೆಹಾಲಿನ ಜೊತೆಗೆ ಬೇರೆ ಹಾಲು, ನೀರು, ಆಹಾರವನ್ನೂ ಪಡೆದ ಮಕ್ಕಳಿಗೆ ಸೋಂಕು ಹೆಚ್ಚಾಗಿ ದಾಟಿತ್ತು. ಹೊರಗಿನ ಆಹಾರ ಕೂಸಿನ ಎಳೆಯ ಕರುಳಿನ ಒಳಪದರವನ್ನು ಕೆರಳಿಸಿ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ ಎನ್ನುವುದು ಇದಕ್ಕೆ ಕೊಡುವ ವಿವರಣೆ.

ತಾಯಿಗೆ ಜೀವನಪರ್ಯಂತ ಚಿಕಿತ್ಸೆ ಸಿಗತೊಡಗಿದ ಮೇಲೆ ಲೆಕ್ಕವೇ ಬದಲಾಯಿತು. ಎಚ್‌ಐವಿ ಮಾತ್ರೆ ತಪ್ಪದೆ ತೆಗೆದುಕೊಳ್ಳುವ ತಾಯಿ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಟ್ಟು, ಆಮೇಲೆ ಬೇರೆ ಆಹಾರದ ಜೊತೆಗೆ ಕನಿಷ್ಠ ಒಂದು ವರ್ಷ, ಬಯಸಿದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ಪಷ್ಟಪಡಿಸಿತು. ಶುದ್ಧ ನೀರಿಗೆ ಕೊರತೆಯಿಲ್ಲದ ಶ್ರೀಮಂತ ದೇಶಗಳು ಬಹುಕಾಲ ಡಬ್ಬಿ ಹಾಲನ್ನೇ ಒತ್ತಿ ಹೇಳುತ್ತಿದ್ದವು. ಅಮೆರಿಕದ ಮಾರ್ಗಸೂಚಿ ಕೂಡ 2023ರಲ್ಲಿ ಸಡಿಲಗೊಂಡು, ವೈರಸ್ ಹತೋಟಿಯಲ್ಲಿರುವ ತಾಯಿ ವೈದ್ಯರೊಡನೆ ಮಾತಾಡಿ ತಾನೇ ತೀರ್ಮಾನಿಸಲಿ ಎಂದಿತು. ಹತೋಟಿಯಲ್ಲಿದ್ದಾಗ ಹಾಲಿನಿಂದ ದಾಟುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಅದು ಪೂರ್ತಿ ಸೊನ್ನೆಯಲ್ಲ ಎನ್ನುವುದನ್ನು ನಿಮ್ಮ ತಂಗಿಗೆ ಮುಚ್ಚಿಡಬಾರದು.

ಹಾಗಾಗಿ ನನ್ನ ಸಲಹೆ ಇಷ್ಟು. ಯಾವುದನ್ನು ಆರಿಸಿಕೊಂಡರೂ ಮೊದಲ ಆರು ತಿಂಗಳು ಅದೊಂದನ್ನೇ ಕೊಡಲಿ, ಎರಡು ದೋಣಿಯ ಮೇಲೆ ಕಾಲಿಡುವುದು ಬೇಡ. ಅನಿವಾರ್ಯವಾಗಿ ಒಮ್ಮೆ ಬೇರೆ ಹಾಲು ಕೊಟ್ಟುಬಿಟ್ಟರೆ ಗಾಬರಿಯಾಗಿ ಎದೆಹಾಲು ನಿಲ್ಲಿಸುವ ಅಗತ್ಯವೂ ಇಲ್ಲ, ಏಕೆಂದರೆ ಮಗುವನ್ನು ಕಾಯುತ್ತಿರುವುದು ತಾಯಿಯ ಮಾತ್ರೆ. ಮೊಲೆತೊಟ್ಟು ಬಿರುಕುಬಿಟ್ಟು ರಕ್ತ ಒಸರಿದರೆ ಅಥವಾ ಎದೆ ಕೀವುಗಟ್ಟಿದರೆ, ವಾಸಿಯಾಗುವವರೆಗೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿಯಿಂದ ಕೊಡಲಿ. ಹಾಲು ಬಿಡಿಸುವಾಗ ಒಂದೇ ದಿನದಲ್ಲಿ ನಿಲ್ಲಿಸದೆ ಒಂದು ತಿಂಗಳ ಅವಧಿಯಲ್ಲಿ ನಿಧಾನವಾಗಿ ಬಿಡಿಸಲಿ. ಹೆರಿಗೆಯಾದ ಮೇಲೆ ಎಲ್ಲರ ಗಮನ ಕೂಸಿನತ್ತ ತಿರುಗಿ ಬಾಣಂತಿಯ ಮಾತ್ರೆ ತಪ್ಪುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಅದನ್ನು ನೆನಪಿಸುವ ಕೆಲಸವನ್ನು ಅಕ್ಕನಾಗಿ ನೀವು ವಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ಮಗುವಿಗೆ ಮೂರು ತಿಂಗಳು. ಹೆಂಡತಿಗೆ ಎಚ್‌ಐವಿ ಇದೆ. ಖಾಸಗಿ ಪ್ರಯೋಗಾಲಯದಲ್ಲಿ ಮಗುವಿನ ಪರೀಕ್ಷೆ ಮಾಡಿಸಿದೆವು, ಪಾಸಿಟಿವ್ ಎಂದು ಬಂತು. ಆದರೆ ಆರು ವಾರಕ್ಕೆ ಆಸ್ಪತ್ರೆಯವರೇ ಮಾಡಿದ ಪರೀಕ್ಷೆ ನೆಗೆಟಿವ್ ಎಂದಿತ್ತು. ಇದೇನು ಗೊಂದಲ?

ಉತ್ತರ: ನೀವು ಖಾಸಗಿಯಾಗಿ ಮಾಡಿಸಿದ್ದು ಬಹುಶಃ ದೊಡ್ಡವರಿಗೆ ಮಾಡುವ ಆಂಟಿಬಾಡಿ ಪರೀಕ್ಷೆ. ಅದು ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಬಸಿರಿನಲ್ಲಿ ತಾಯಿಯ ಈ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಇಳಿದುಬರುತ್ತವೆ, ಮಗುವಿಗೆ ಸೋಂಕು ಇರಲಿ ಬಿಡಲಿ. ಅವು ಪೂರ್ತಿ ಮಾಯವಾಗಲು ಒಂದೂವರೆ ವರ್ಷ ಬೇಕಾಗಬಹುದು. ನಿಮ್ಮ ಕೈಯಲ್ಲಿರುವ ಪಾಸಿಟಿವ್ ವರದಿ ತಾಯಿಯ ರಕ್ತದ ನೆರಳು, ಮಗುವಿನ ರೋಗದ ಸಾಕ್ಷಿಯಲ್ಲ.

ಆರು ವಾರಕ್ಕೆ ಆಸ್ಪತ್ರೆಯಲ್ಲಿ ಮಾಡಿದ್ದು ವೈರಸ್ಸಿನ ವಂಶವಾಹಿ ದ್ರವ್ಯವನ್ನೇ ಹುಡುಕುವ ಪಿಸಿಆರ್ ಬಗೆಯ ಪರೀಕ್ಷೆ. ಕೂಸಿನ ಹಿಮ್ಮಡಿಯನ್ನು ಬೆಚ್ಚಗೆ ಉಜ್ಜಿ, ಸಣ್ಣದಾಗಿ ಚುಚ್ಚಿ, ದಪ್ಪ ಕಾಗದದ ಮೇಲೆ ಅಚ್ಚಾಗಿರುವ ನಾಲ್ಕೈದು ವೃತ್ತಗಳಲ್ಲಿ ಒಂದೊಂದು ಹನಿ ತುಂಬಿಸಿ ನೆರಳಿನಲ್ಲಿ ಒಣಗಿಸುತ್ತಾರೆ. ಒಣಗಿದ ಕಾಗದವನ್ನು ಶೈತ್ಯಪೆಟ್ಟಿಗೆಯ ಗೋಜಿಲ್ಲದೆ ದೂರದ ಪ್ರಯೋಗಾಲಯಕ್ಕೆ ಅಂಚೆಯಲ್ಲೇ ಕಳಿಸಬಹುದು. ಅದು ನೆಗೆಟಿವ್ ಬಂದಿರುವುದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಮಗು ಎದೆಹಾಲು ಕುಡಿಯುತ್ತಿರುವವರೆಗೆ ಅದು ಅಂತಿಮ ತೀರ್ಪಲ್ಲ. ಒಂಬತ್ತು ತಿಂಗಳಿಗೆ ಮತ್ತೊಮ್ಮೆ, ಕೊನೆಗೆ ಹದಿನೆಂಟು ತಿಂಗಳಿಗೆ ಅಥವಾ ಎದೆಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಆಗ, ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಬೇರೆ ಸೋಂಕುಗಳಿಂದ ಮಗುವನ್ನು ಕಾಯಲು ಆಸ್ಪತ್ರೆಯವರು ಕೊಟ್ಟಿರುವ ಕೋಟ್ರೈಮಾಕ್ಸಜೋಲ್ ಔಷಧವನ್ನು ಅವರು ಹೇಳದೆ ನಿಲ್ಲಿಸಬೇಡಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತರಗತಿಯ ಒಂದು ಮಗುವಿಗೆ ಎಚ್‌ಐವಿ ಇದೆಯೆಂದು ಅದರ ಅಜ್ಜಿ ನಂಬಿ ಹೇಳಿದ್ದಾರೆ. ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ, ಆಡುವಾಗ ಬೀಳುತ್ತಾರೆ. ನಾನು ಏನು ಜಾಗ್ರತೆ ವಹಿಸಲಿ?

ಉತ್ತರ: ಒಟ್ಟಿಗೆ ಉಣ್ಣುವುದು, ಒಂದೇ ಲೋಟದಲ್ಲಿ ಕುಡಿಯುವುದು, ಅಪ್ಪಿಕೊಳ್ಳುವುದು, ಒಂದೇ ಶೌಚಾಲಯ ಬಳಸುವುದು, ಇವು ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಯಾವ ಮಗುವಿಗೆ ಗಾಯವಾದರೂ ಕೈಗವಸು ಹಾಕಿಕೊಂಡು ತೊಳೆದು ಪಟ್ಟಿ ಕಟ್ಟಿ. ಈ ಒಂದು ಮಗುವಿಗೆ ಮಾತ್ರ ಕೈಗವಸು ಹಾಕಿದರೆ ನೀವು ಬಾಯಿಬಿಡದೆಯೇ ಗುಟ್ಟು ರಟ್ಟು ಮಾಡಿದಂತಾಗುತ್ತದೆ. ಅಜ್ಜಿ ಹೇಳಿದ್ದನ್ನು ಸಹೋದ್ಯೋಗಿಗಳಿಗೂ ಹೇಳಬೇಡಿ.

ಪ್ರಶ್ನೆ: ಮೊಮ್ಮಗನಿಗೆ ಐದು ವರ್ಷ. ಅವನ ತಾಯಿ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷ ಅವನಿಗೆ ಕಹಿ ಸಿರಪ್ ಕುಡಿಸಲು ಪಟ್ಟ ಪಾಡು ಯಾರಿಗೂ ಬೇಡ. ಈಗ ನೀರಿನಲ್ಲಿ ಕರಗುವ ಮಾತ್ರೆ ಕೊಡುತ್ತಿದ್ದಾರೆ, ಖುಷಿಯಿಂದ ಕುಡಿಯುತ್ತಾನೆ. ಇಷ್ಟು ಸುಲಭವಾದ ಔಷಧ ನಿಜಕ್ಕೂ ಅಷ್ಟೇ ಬಲವಾಗಿರುತ್ತದೆಯೇ ಎಂದು ನನಗೆ ಅನುಮಾನ.

ಉತ್ತರ: ಅಜ್ಜನವರೇ, ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಕಹಿಯಾದದ್ದೇ ಮದ್ದು ಎಂದು ನಂಬಿ ಬೆಳೆದ ತಲೆಮಾರು ನಮ್ಮದು. ಆದರೆ ಈ ವಿಷಯದಲ್ಲಿ ಸುಲಭವಾದದ್ದೇ ಹೆಚ್ಚು ಬಲವಾದದ್ದು.

ನೀವು ಕುಡಿಸುತ್ತಿದ್ದ ಸಿರಪ್ ಬಹುಶಃ ಲೋಪಿನಾವಿರ್ ಮತ್ತು ರಿಟೊನಾವಿರ್ ಸೇರಿದ್ದು. ಅದರ ಸುಮಾರು ನೂರಕ್ಕೆ 42 ಭಾಗ ಆಲ್ಕೋಹಾಲು, ರುಚಿ ಲೋಹ ನೆಕ್ಕಿದಂತೆ, ಹೆಚ್ಚು ದಿನ ಇಡಬೇಕಾದರೆ ತಣ್ಣಗಿಡಬೇಕು. ಔಷಧ ಕೊಡುವ ಹೊತ್ತಿಗೆ ಮಗು ಮಂಚದ ಕೆಳಗೆ ಅಡಗುವುದು, ಇಬ್ಬರು ಹಿಡಿದುಕೊಂಡು ಒಬ್ಬರು ಬಾಯಿಗೆ ಸುರಿಯುವುದು, ಅರ್ಧ ಅಂಗಿಯ ಮೇಲೆ ಬೀಳುವುದು, ಉಳಿದರ್ಧ ವಾಂತಿಯಾಗುವುದು: ಇದನ್ನು ನಾನು ಎಷ್ಟೋ ಕುಟುಂಬಗಳಿಂದ ಕೇಳಿದ್ದೇನೆ. ಹೊಟ್ಟೆಗೆ ಹೋಗದ ಔಷಧ ಎಷ್ಟು ಬಲವಾಗಿದ್ದರೇನು? ದೊಡ್ಡವರಿಗಾಗಿ ಮಾತ್ರೆಗಳು ಒಂದರ ಮೇಲೊಂದು ಬರುತ್ತಿದ್ದಾಗ ಮಕ್ಕಳ ಪಾಲಿಗೆ ಅವೇ ಮಾತ್ರೆಗಳನ್ನು ಮುರಿದು, ಪುಡಿಮಾಡಿ ಅಂದಾಜಿನಲ್ಲಿ ಕೊಡುವುದೇ ಗತಿಯಾಗಿತ್ತು. ಈ ರೋಗದ ಇತಿಹಾಸದಲ್ಲಿ ಮಕ್ಕಳಿಗೆ ಆದ ಅನ್ಯಾಯಗಳಲ್ಲಿ ಇದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ನೀವು ಈಗ ಕೊಡುತ್ತಿರುವುದು ಮಕ್ಕಳಿಗಾಗಿಯೇ ತಯಾರಾದ ಡೊಲುಟೆಗ್ರಾವಿರ್ ಇರಬೇಕು. ನಾಲ್ಕು ವಾರ ತುಂಬಿ ಮೂರು ಕೆ.ಜಿ. ತೂಗುವ ಕೂಸಿಗೂ ಕೊಡಬಹುದಾದ ಈ ಬಗೆಯ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. 2021ರಲ್ಲಿ ಪ್ರಕಟವಾದ ಒಡಿಸ್ಸಿ ಎಂಬ ಪ್ರಯೋಗದಲ್ಲಿ ಆಫ್ರಿಕಾ, ಯುರೋಪ್ ಮತ್ತು ಥಾಯ್ಲೆಂಡಿನ ಏಳು ನೂರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡೊಲುಟೆಗ್ರಾವಿರ್ ಇರುವ ಚಿಕಿತ್ಸೆ, ಇನ್ನೊಂದಕ್ಕೆ ಅಲ್ಲಿಯವರೆಗಿನ ರೂಢಿಯ ಚಿಕಿತ್ಸೆ ಕೊಟ್ಟು ಸುಮಾರು ಎರಡು ವರ್ಷ ನೋಡಿದರು. ರೂಢಿಯ ಚಿಕಿತ್ಸೆ ನೂರರಲ್ಲಿ 22 ಮಕ್ಕಳಲ್ಲಿ ವಿಫಲವಾದರೆ, ಡೊಲುಟೆಗ್ರಾವಿರ್ ವಿಫಲವಾದದ್ದು 14 ಮಕ್ಕಳಲ್ಲಿ. ನಿಮ್ಮ ಅನುಮಾನಕ್ಕೆ ಉತ್ತರ ಈ ಎರಡು ಅಂಕಿಗಳಲ್ಲಿದೆ.

ಕೊಡುವಾಗ ಎರಡು ಸಂಗತಿ ನೆನಪಿರಲಿ. ಮಾತ್ರೆ ಕರಗಿಸಿದ ನೀರನ್ನು ಅರ್ಧ ಗಂಟೆಯೊಳಗೆ ಕುಡಿಸಿ, ಲೋಟದ ತಳದಲ್ಲಿ ಉಳಿದ ಬಿಳಿ ಪುಡಿಗೆ ಇನ್ನೊಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಸಿ. ಔಷಧದ ಒಂದು ಪಾಲು ಅಲ್ಲೇ ಕೂತಿರುತ್ತದೆ. ಎರಡನೆಯದು, ಮಗು ಬೆಳೆದಂತೆ ಮಾತ್ರೆಗಳ ಲೆಕ್ಕವೂ ಬೆಳೆಯಬೇಕು. ಚಪ್ಪಲಿ ಚಿಕ್ಕದಾದರೆ ಕಣ್ಣಿಗೆ ಕಾಣುತ್ತದೆ, ಔಷಧದ ಪ್ರಮಾಣ ಚಿಕ್ಕದಾದರೆ ಕಾಣುವುದಿಲ್ಲ. ಪ್ರತಿ ಭೇಟಿಯಲ್ಲೂ ಅವನ ತೂಕ ನೋಡಿಸಿ, ಪ್ರಮಾಣ ಈಗಲೂ ಸರಿಯಿದೆಯೇ ಎಂದು ಕೇಳಿ.

ಪ್ರಶ್ನೆ: ನಾನು ಜೀವವಿಜ್ಞಾನದ ವಿದ್ಯಾರ್ಥಿ. ಹುಟ್ಟಿದ ಕೂಡಲೇ ಔಷಧ ಕೊಟ್ಟು ಮಗುವೊಂದನ್ನು ಎಚ್‌ಐವಿಯಿಂದ ಸಂಪೂರ್ಣ ಗುಣಪಡಿಸಿದರೆಂದು ಓದಿದ್ದೆ. ಅದು ನಿಜವೇ? ಇಷ್ಟೆಲ್ಲ ಪ್ರಗತಿ ಹೇಗಾಯಿತು ಎನ್ನುವುದನ್ನೂ ತಿಳಿಸಿ.

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ತಿರುವು ಬಂದದ್ದು 1994ರಲ್ಲಿ. ಜಿಡೊವುಡಿನ್ ಎಂಬ ಒಂದೇ ಔಷಧವನ್ನು ಬಸಿರಿನಲ್ಲಿ ಮಾತ್ರೆಯಾಗಿ, ಹೆರಿಗೆಯಲ್ಲಿ ರಕ್ತನಾಳದ ಮೂಲಕ, ಆಮೇಲೆ ಕೂಸಿಗೆ ಆರು ವಾರ ಸಿರಪ್ಪಾಗಿ ಕೊಟ್ಟಾಗ, ಸೋಂಕು ದಾಟುವ ಪ್ರಮಾಣ ನೂರಕ್ಕೆ 25.5ರಿಂದ 8.3ಕ್ಕೆ ಇಳಿಯಿತು. ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಈ ಪ್ರಯೋಗ ಎಚ್‌ಐವಿ ದಾಟುವುದನ್ನು ಔಷಧದಿಂದ ತಡೆಯಬಹುದೆಂದು ಮೊದಲ ಬಾರಿಗೆ ತೋರಿಸಿಕೊಟ್ಟಿತು. ಆದರೆ ದಿನಕ್ಕೆ ಐದು ಸಲ ಮಾತ್ರೆ, ಹೆರಿಗೆಯಲ್ಲಿ ಡ್ರಿಪ್ಪು, ಇದು ಬಡ ದೇಶಗಳ ಕೈಗೆಟುಕುವ ಮಾತಾಗಿರಲಿಲ್ಲ. 1999ರಲ್ಲಿ ಉಗಾಂಡಾದ ಕಂಪಾಲಾದಿಂದ ಬಂದ ಫಲಿತಾಂಶ ಬೆರಗು ಹುಟ್ಟಿಸಿತು: ನೋವು ಶುರುವಾದಾಗ ತಾಯಿಗೆ ನೆವಿರಪಿನ್‌ನ ಒಂದೇ ಮಾತ್ರೆ, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಒಂದೇ ಗುಟುಕು ಸಿರಪ್. ಹೋಲಿಕೆಗೆಂದು ಅಲ್ಪಾವಧಿ ಜಿಡೊವುಡಿನ್ ಪಡೆದವರಿಗಿಂತ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಈ ಮಾತ್ರೆಯನ್ನು ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಡಬೇಕೆಂದು ದಕ್ಷಿಣ ಆಫ್ರಿಕಾದ ಹೋರಾಟಗಾರರು ತಮ್ಮ ಸರ್ಕಾರದ ವಿರುದ್ಧವೇ ದಾವೆ ಹೂಡಿ 2002ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದಲ್ಲಿ ಗೆದ್ದರು.

ಆ ಒಂಟಿ ಮಾತ್ರೆಗೆ ಎರಡು ಕುಂದುಗಳಿದ್ದವು. ತಾಯಿಯ ದೇಹದಲ್ಲಿ ನೆವಿರಪಿನ್‌ಗೆ ಬಗ್ಗದ ವೈರಸ್ ಉಳಿದುಬಿಡುತ್ತಿತ್ತು, ಎದೆಹಾಲಿನ ಕಾಲಕ್ಕೆ ರಕ್ಷಣೆಯೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಗುವನ್ನು ಉಳಿಸಿ ತಾಯಿಯನ್ನು ಕೈಬಿಡುವ ಯೋಚನೆಯೇ ಅದರೊಳಗಿತ್ತು. ಗರ್ಭಿಣಿಗೆ ಎಚ್‌ಐವಿ ಇದೆಯೆಂದು ತಿಳಿದ ದಿನದಿಂದ ಜೀವನಪರ್ಯಂತ ಮೂರು ಔಷಧಗಳ ಪೂರ್ಣ ಚಿಕಿತ್ಸೆ ಕೊಟ್ಟುಬಿಡೋಣ ಎಂದು 2011ರಲ್ಲಿ ಹೆಜ್ಜೆಯಿಟ್ಟದ್ದು ಪ್ರಯೋಗಾಲಯಗಳ ಕೊರತೆಯಿದ್ದ ಪುಟ್ಟ ದೇಶ ಮಲಾವಿ. ಎರಡೇ ವರ್ಷದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ ದಾರಿ ಹಿಡಿಯಿತು.

ಸೋಂಕು ತಗುಲಿಯೇಬಿಟ್ಟ ಕೂಸುಗಳ ಕಥೆ ಬೇರೆ. ಚಿಕಿತ್ಸೆ ಸಿಗದಿದ್ದರೆ ಅವರಲ್ಲಿ ಅರ್ಧದಷ್ಟು ಮಕ್ಕಳು ಎರಡನೆಯ ಹುಟ್ಟುಹಬ್ಬ ಕಾಣುವುದಿಲ್ಲ. ಕಾಯಿಲೆಯ ಲಕ್ಷಣ ಕಾಣಿಸಿಕೊಂಡ ಮೇಲೆ, ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳು ಕುಸಿದ ಮೇಲೆ ಔಷಧ ಕೊಟ್ಟರಾಯಿತು ಎಂದು ಹಿಂದೆ ಕಾಯುತ್ತಿದ್ದೆವು. 2008ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಚೆರ್ ಪ್ರಯೋಗ ಆ ಕಾಯುವಿಕೆಯನ್ನು ನಿಲ್ಲಿಸಿತು: ಆರರಿಂದ ಹನ್ನೆರಡು ವಾರದ, ಇನ್ನೂ ಆರೋಗ್ಯವಾಗಿ ಕಾಣುವ ಕೂಸುಗಳಿಗೆ ತಕ್ಷಣ ಚಿಕಿತ್ಸೆ ಕೊಟ್ಟಾಗ ಸಾವು ನೂರಕ್ಕೆ 16ರಿಂದ 4ಕ್ಕೆ ಇಳಿಯಿತು. ಅಂದಿನಿಂದ, ಸೋಂಕು ಖಚಿತವಾದ ದಿನವೇ ಔಷಧ ಆರಂಭಿಸುವ ದಿನ ಎನ್ನುವತ್ತ ನಾವು ಬಂದಿದ್ದೇವೆ.

ನೀವು ಓದಿದ ಮಗು ಅಮೆರಿಕದ ಮಿಸಿಸಿಪಿ ರಾಜ್ಯದ್ದು, ಹುಟ್ಟಿದ್ದು 2010ರಲ್ಲಿ. ಹುಟ್ಟಿ ಸುಮಾರು 30 ಗಂಟೆಯಾದಾಗ ಚಿಕಿತ್ಸೆ ಆರಂಭವಾಯಿತು, ಹದಿನೆಂಟು ತಿಂಗಳಾದಾಗ ತಾಯಿ ಮಗು ಇಬ್ಬರೂ ಆಸ್ಪತ್ರೆಗೆ ಬರುವುದು ತಪ್ಪಿ ಔಷಧ ನಿಂತಿತು. ಮತ್ತೆ ಕರೆತಂದು ನೋಡಿದರೆ ವೈರಸ್ ಇಲ್ಲ! 2013ರಲ್ಲಿ ಇದು ಜಗತ್ತಿನ ಸುದ್ದಿಯಾಯಿತು. ಆದರೆ ಔಷಧವಿಲ್ಲದೆ 27 ತಿಂಗಳು ಕಳೆದ ಮೇಲೆ, 2014ರಲ್ಲಿ, ವೈರಸ್ ಮರಳಿ ಬಂತು. ಎಲ್ಲೋ ಕೆಲವು ಜೀವಕೋಶಗಳಲ್ಲಿ ಅದು ಮಲಗಿತ್ತು. ಹೀಗಿದ್ದರೂ ಆ ಮಗು ಕಲಿಸಿದ ಪಾಠ ವ್ಯರ್ಥವಾಗಲಿಲ್ಲ. ಹುಟ್ಟಿದ ಎರಡು ದಿನದೊಳಗೆ ಚಿಕಿತ್ಸೆ ಪಡೆದ ಮಕ್ಕಳ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ, ನಿಗಾ ಇಟ್ಟು ಔಷಧ ನಿಲ್ಲಿಸಿದ 6 ಮಕ್ಕಳಲ್ಲಿ 4 ಮಕ್ಕಳು ಸುಮಾರು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ವೈರಸ್ ಇಲ್ಲದೆ ಇದ್ದರೆಂದು 2024ರಲ್ಲಿ ವರದಿಯಾಯಿತು. ಅವರಲ್ಲಿಯೂ ಒಬ್ಬರಿಗೆ ಆಮೇಲೆ ಮರಳಿತು. ಇದನ್ನು ಗುಣವಾಯಿತು ಎನ್ನುವುದಿಲ್ಲ, ಉಪಶಮನ ಎನ್ನುತ್ತೇವೆ. ಮನೆಯಲ್ಲಿ ಯಾರೂ ಇದನ್ನು ಓದಿ ಮಗುವಿನ ಮಾತ್ರೆ ನಿಲ್ಲಿಸಿ ನೋಡಬಾರದು.

ಪ್ರಶ್ನೆ: ಔಷಧ ಇದೆ, ತಡೆಯುವ ದಾರಿಯೂ ಗೊತ್ತಿದೆ ಎನ್ನುತ್ತೀರಿ. ಹಾಗಾದರೆ ಇಂದಿಗೂ ಮಕ್ಕಳಿಗೆ ಎಚ್‌ಐವಿ ಬರುತ್ತಿರುವುದೇಕೆ?

ಉತ್ತರ: ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. 2000ದ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಮಕ್ಕಳಿಗೆ ಹೊಸದಾಗಿ ಸೋಂಕು ತಗಲುತ್ತಿತ್ತು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಅಂದಾಜಿನಂತೆ 2023ರಲ್ಲಿ ಅದು 1.2 ಲಕ್ಷ. ಕ್ಯೂಬಾ 2015ರಲ್ಲಿ, ಥಾಯ್ಲೆಂಡ್ 2016ರಲ್ಲಿ, ಮಲೇಷ್ಯಾ 2018ರಲ್ಲಿ, ಶ್ರೀಲಂಕಾ 2019ರಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ನಿವಾರಿಸಿದ ಮನ್ನಣೆಯನ್ನು ವಿಶ್ವ ಆರೋಗ್ಯ ಸಂಸ್ಥೆಯಿಂದ ಪಡೆದವು. ಸೋಂಕಿನ ಹೊರೆ ಬಹಳವಿರುವ ಬೋಟ್ಸ್ವಾನಾ ಕೂಡ 2021ರಲ್ಲಿ ಆ ದಾರಿಯ ಒಂದು ಹಂತವಾದ ಬೆಳ್ಳಿ ಶ್ರೇಣಿ ಮುಟ್ಟಿತು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಸೋಂಕಿನೊಂದಿಗೆ ಬದುಕುತ್ತಿರುವವರಲ್ಲಿ ಮಕ್ಕಳು ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಿದ್ದರೂ, ಏಡ್ಸ್‌ನಿಂದ ಸಾಯುವವರಲ್ಲಿ ಅವರು ನೂರಕ್ಕೆ ಹನ್ನೆರಡು. 2023ರಲ್ಲಿ ದೊಡ್ಡವರಲ್ಲಿ ನೂರಕ್ಕೆ 77 ಮಂದಿಗೆ ಚಿಕಿತ್ಸೆ ಸಿಗುತ್ತಿದ್ದರೆ ಮಕ್ಕಳಲ್ಲಿ 57 ಮಂದಿಗೆ ಮಾತ್ರ. ಕೊರತೆಯಿರುವುದು ಔಷಧಕ್ಕಲ್ಲ, ಅದು ಹೊತ್ತಿಗೆ ಸರಿಯಾಗಿ ತಲುಪುವುದಕ್ಕೆ. ಪರೀಕ್ಷೆಗೇ ಬಾರದ ಗರ್ಭಿಣಿ. ಹೆರಿಗೆಯಾದ ಮೇಲೆ ತವರಿಗೋ ಕೆಲಸಕ್ಕೋ ಊರು ಬದಲಿಸಿ ಚಿಕಿತ್ಸೆ ತಪ್ಪಿದ ಬಾಣಂತಿ. ಹಿಮ್ಮಡಿಯ ರಕ್ತ ಕೊಟ್ಟು ಹೋಗಿ, ಫಲಿತಾಂಶ ಬರುವ ಹೊತ್ತಿಗೆ ವಿಳಾಸವೇ ಸಿಗದ ಕೂಸು. ಸೋಂಕಿರುವ ಕೂಸುಗಳ ಸಾವು ಎರಡು ಮೂರು ತಿಂಗಳ ಪ್ರಾಯದಲ್ಲೇ ಅತಿ ಹೆಚ್ಚು. ವರದಿಗಾಗಿ ಆರು ವಾರ ಕಾಯುವುದೆಂದರೆ ಆ ಅವಧಿಯನ್ನು ಕಾಯುವುದರಲ್ಲೇ ಕಳೆದಂತೆ. ಅದೇ ದಿನ, ಅದೇ ಕೊಠಡಿಯಲ್ಲಿ ಫಲಿತಾಂಶ ಕೊಡುವ ಚಿಕ್ಕ ಯಂತ್ರಗಳು ಈಗ ಬಂದಿವೆ. ನನ್ನ ಮಟ್ಟಿಗೆ, ಹೊಸ ಔಷಧಗಳಷ್ಟೇ ದೊಡ್ಡ ಪ್ರಗತಿ ಅದು.

ಇನ್ನೊಂದು ಕಾರಣವನ್ನು ಓದುಗರು ಊಹಿಸಿರಲಾರರು. ಬಸಿರಿನ ಮೊದಲ ಪರೀಕ್ಷೆ ನೆಗೆಟಿವ್ ಬಂದು, ಆಮೇಲೆ ಬಸಿರಿನಲ್ಲೋ ಹಾಲೂಡಿಸುವ ಕಾಲದಲ್ಲೋ ಸೋಂಕು ತಗುಲಿಸಿಕೊಂಡ ತಾಯಂದಿರಿದ್ದಾರೆ. ಹೊಸ ಸೋಂಕಿನಲ್ಲಿ ವೈರಲ್ ಲೋಡ್ ಮುಗಿಲು ಮುಟ್ಟಿರುತ್ತದೆ, ಅವಳಿಗೆ ವಿಷಯವೇ ಗೊತ್ತಿರುವುದಿಲ್ಲ. ಅದಕ್ಕೇ ಕೊನೆಯ ಮೂರು ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಬೇಕು, ಗಂಡನ ಪರೀಕ್ಷೆಯೂ ಬೇಕು. ಸೋಂಕಿಲ್ಲದ ಹೆಣ್ಣುಮಕ್ಕಳನ್ನು ಕಾಯಲು ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಪಾವಿರ್ ಚುಚ್ಚುಮದ್ದು ಬಂದಿದೆ. 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಪಡೆದ ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಬಸಿರಾದವರೂ ಪ್ರಯೋಗದಲ್ಲಿ ಮುಂದುವರಿಯಬಹುದಿತ್ತು. ಇಂಥ ಫಲಿತಾಂಶ ಬಂದ ಬೆನ್ನಲ್ಲೇ, 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಥಟ್ಟನೆ ತಡೆಹಿಡಿದಾಗ ಹಲವು ದೇಶಗಳ ಎಚ್‌ಐವಿ ಕೇಂದ್ರಗಳು ತತ್ತರಿಸಿದವು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು ಹೀಗೆ.

ಪ್ರಶ್ನೆ: ತೀರಿಕೊಂಡ ಅಣ್ಣನ ಮಗಳಿಗೆ ಹನ್ನೊಂದು ವರ್ಷ. ಹುಟ್ಟಿನಿಂದ ಎಚ್‌ಐವಿ ಇದೆ. ಇದು ಶಕ್ತಿಯ ಮಾತ್ರೆ ಎಂದು ಹೇಳಿ ಕೊಡುತ್ತಿದ್ದೇವೆ. ಈಚೆಗೆ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಾಳೆ. ನಿಜ ಹೇಳಬೇಕೇ?

ಉತ್ತರ: ಹೇಳಬೇಕು. ದಿಂಬಿನ ಕೆಳಗಿನ ಮಾತ್ರೆಯೇ ಅವಳ ಪ್ರಶ್ನೆ: ನಾನು ಚೆನ್ನಾಗಿದ್ದೇನೆ, ಮತ್ತೆ ಇದೇಕೆ? ಆರರಿಂದ ಹನ್ನೆರಡು ವರ್ಷದೊಳಗೆ, ಮಗುವಿನ ತಿಳಿವಳಿಕೆಗೆ ತಕ್ಕಂತೆ ಹಂತಹಂತವಾಗಿ ಹೇಳುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮೊದಲು ರೋಗದ ಹೆಸರು ಬೇಡ. ನಿನ್ನ ರಕ್ತದಲ್ಲಿ ಒಂದು ರೋಗಾಣು ಮಲಗಿದೆ, ಈ ಮಾತ್ರೆ ಅದನ್ನು ಏಳಲು ಬಿಡುವುದಿಲ್ಲ ಎನ್ನಿ. ಕೆಲವು ವಾರ ಬಿಟ್ಟು, ಅವಳೇ ಕೇಳಿದಾಗ, ಹೆಸರು ಹೇಳಿ. ನಿನ್ನ ತಪ್ಪಲ್ಲ, ನಿನ್ನ ಅಮ್ಮನ ತಪ್ಪೂ ಅಲ್ಲ ಎನ್ನುವುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಬೇರೆಯವರ ಬಾಯಿಂದ, ಜಗಳದ ನಡುವೆ ತಿಳಿದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅವರು ಹೆಚ್ಚು ಸಿಟ್ಟಾಗುವುದು ರೋಗದ ಮೇಲಲ್ಲ, ಮುಚ್ಚಿಟ್ಟ ಮನೆಯವರ ಮೇಲೆ. ಆಪ್ತಸಮಾಲೋಚಕರನ್ನು ಜೊತೆಗೆ ಕೂರಿಸಿಕೊಳ್ಳಿ, ಮತ್ತು ಮಾತ್ರೆ ಎಷ್ಟು ದಿನದಿಂದ ತಪ್ಪಿದೆಯೋ ಅದನ್ನು ವೈದ್ಯರಿಗೆ ತಿಳಿಸಿ ವೈರಲ್ ಲೋಡ್ ಮಾಡಿಸಿ.

ಪ್ರಶ್ನೆ: ನನಗೆ ಇಪ್ಪತ್ತೆರಡು. ಹುಟ್ಟಿದಾಗಿನಿಂದ ಎಚ್‌ಐವಿ ಇದೆ, ಮಾತ್ರೆ ಬಿಟ್ಟಿಲ್ಲ, ವೈರಲ್ ಲೋಡ್ ಮೂರು ವರ್ಷದಿಂದ ಪತ್ತೆಯಾಗದಷ್ಟು ಕಡಿಮೆ. ಮದುವೆಯಾಗುವ ಹುಡುಗನಿಗೆ ಎಲ್ಲವೂ ಗೊತ್ತು. ನನಗೆ ಮಕ್ಕಳಾಗಬಹುದೇ?

ಉತ್ತರ: ಆಗಬಹುದು. ವೈರಸ್ ಹೀಗೆ ಹತೋಟಿಯಲ್ಲಿರುವವರೆಗೆ ನಿಮ್ಮಿಂದ ಗಂಡನಿಗೆ ದೈಹಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ, ಮಗುವಿಗೆ ದಾಟುವ ಸಾಧ್ಯತೆ ಮೊದಲ ಪತ್ರದ ಉತ್ತರದಲ್ಲಿ ಹೇಳಿದಂತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಬಸಿರಿಗೆ ಯೋಚಿಸುವ ಮೊದಲು ಒಮ್ಮೆ ವೈರಲ್ ಲೋಡ್ ನೋಡಿಸಿ, ಫೋಲಿಕ್ ಆಸಿಡ್ ಮಾತ್ರೆ ಆರಂಭಿಸಿ. ಇಷ್ಟು ವರ್ಷದಲ್ಲಿ ಯಾವ ಯಾವ ಔಷಧಗಳನ್ನು ತೆಗೆದುಕೊಂಡಿದ್ದೀರಿ ಎಂಬ ಪಟ್ಟಿಯನ್ನು, ನಿಮ್ಮ ಬಾಲ್ಯದ ಚೀಟಿಗಳು ಉಳಿದಿದ್ದರೆ ಅವನ್ನೂ, ಹೆರಿಗೆಯ ವೈದ್ಯರ ಬಳಿಗೆ ಹೋಗುವಾಗ ಕೊಂಡೊಯ್ಯಿರಿ.